ಟೆರ್ಜಾಗಿ ಸಾಕೇ, ಬಿಯೋ ಬೇಕೇ?

ನೀರುಂಡ ಜೇಡಿಮಣ್ಣಿನ ಮೇಲೆ ಭಾರ ಹೇರಿದರೆ ನೀರು ಮೆಲ್ಲನೆ ಹೊರಹೋಗಿ ನೆಲ ಕುಗ್ಗುತ್ತದೆ. ಎಂಜಿನಿಯರ್ ಕಾರ್ಲ್ ಟೆರ್ಜಾಗಿ 1920ರ ದಶಕದಲ್ಲಿ ಇದಕ್ಕೆ ಕೊಟ್ಟ ಮಾದರಿಯಲ್ಲಿ ಕುಗ್ಗುವಿಕೆಯೂ ಹರಿವೂ ಲಂಬವಾಗಿ ಮಾತ್ರ. ಈಡೋಮೀಟರ್ ಪರೀಕ್ಷೆಯ (ಮಣ್ಣಿನ ತುಣುಕನ್ನು ಗಟ್ಟಿ ಉಂಗುರದೊಳಗಿಟ್ಟು ಅದುಮಿ ಕುಗ್ಗುವಿಕೆ ಅಳೆಯುವುದು) ಅಂಕಿಗಳಿದ್ದರೆ ಕ್ಯಾಲ್ಕುಲೇಟರ್‌ನಲ್ಲೇ ಲೆಕ್ಕ ಮುಗಿಯುತ್ತದೆ. ತೆಳು ಪದರ, ಅಗಲವಾದ ಭಾರ ಎಂದಾದರೆ ಇದನ್ನೇ ಹಿಡಿಯಿರಿ. ಅಲ್ಲಿ ಬಿಯೋ ಅವರ ಮೂರು ಆಯಾಮದ ಮಾದರಿ ಎಂದರೆ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ.

ಮಾರಿಸ್ ಬಿಯೋ 1941ರಲ್ಲಿ ಮೂರೂ ಆಯಾಮಗಳಲ್ಲಿ ಮಣ್ಣಿನ ಘನ ಭಾಗದ ಆಕಾರ ಬದಲಾವಣೆಯನ್ನು ನೀರಿನ ಒತ್ತಡದೊಂದಿಗೆ ಹೆಣೆದರು. ಅಳೆಯಬೇಕಾದ ಗುಣಾಂಕಗಳು ಹೆಚ್ಚು, ಕಂಪ್ಯೂಟರ್ ಬಹುತೇಕ ಅನಿವಾರ್ಯ. ಆದರೆ ಮುಂದೆ ಮಂಡಿಯ ಮೃದ್ವಸ್ಥಿಯತ್ತ (ಮೂಳೆಯ ತುದಿಗೆ ಹೊದ್ದ ಮೆತ್ತನೆ ಪದರದತ್ತ) ಹೊರಳುವ ಆಸೆಯಿದ್ದರೆ ಈಗಲೇ ಇದನ್ನು ಕಲಿಯಿರಿ: ಅದೂ ನೀರು ತುಂಬಿದ ಸರಂಧ್ರ ವಸ್ತುವೇ, 1980ರಲ್ಲಿ ವ್ಯಾನ್ ಮೌ ತಂಡ ಮೃದ್ವಸ್ಥಿಗೆಂದು ಮಂಡಿಸಿದ ಮಾದರಿಯೂ ಇದೇ ಕುಲದ್ದು. ತಮಾಷೆಯೆಂದರೆ, ಮೃದ್ವಸ್ಥಿಯ ತುಣುಕನ್ನು ಗಟ್ಟಿ ಉಂಗುರದೊಳಗಿಟ್ಟು ಸ್ವಲ್ಪವೇ ಅದುಮಿದರೆ ಸಿಗುವುದು ಮತ್ತೆ ಟೆರ್ಜಾಗಿಯ ಸಮೀಕರಣ!