ಹಳೇ ಬೈಕ್ ಇಂಡಿಕೇಟರ್‌ಗೆ ಯಾವ ಫ್ಲಾಶರ್ ಹಾಕೋದು: ಥರ್ಮಲ್ಲಾ, ಎಲೆಕ್ಟ್ರಾನಿಕ್ಕಾ?
ಫ್ಲಾಶರ್ ಅಂದ್ರೆ ಇಂಡಿಕೇಟರ್‌ನ ಮಿನುಗಿಸೋ ಪುಟ್ಟ ಡಬ್ಬಿ. ಇಂಡಿಕೇಟರ್ ಸರಿಯಾಗಿ ಮಿನುಗ್ತಿಲ್ಲ ಅಂದ್ರೆ ಮೊದ್ಲು ಬ್ಯಾಟರಿ, ಅರ್ತ್ ವೈರ್, ಬಲ್ಬ್ ಹೋಲ್ಡರ್ ತುಕ್ಕು ನೋಡ್ಬಿಡಿ, ಎಷ್ಟೋ ಸಲ ತೊಂದ್ರೆ ಅಲ್ಲೇ ಇರುತ್ತೆ.

ಥರ್ಮಲ್ ಫ್ಲಾಶರ್ ಒಳಗೆ ಕರೆಂಟ್‌ಗೆ ಬಿಸಿಯಾಗಿ ಬಾಗೋ ಪಟ್ಟಿ ಇರುತ್ತೆ, ಎರಡೇ ವೈರ್, ಸಿಂಪಲ್, ಆದ್ರೆ ಬ್ಯಾಟರಿ ವೀಕ್ ಆದ್ರೆ ಮಿನುಗೋದು ನಿಧಾನ ಆಗುತ್ತೆ, ಎಲ್‌ಇಡಿ ಹಾಕಿದ್ರಂತೂ ಪಟ್ಟಿ ಬಿಸಿಯಾಗೋಷ್ಟು ಕರೆಂಟೇ ಹರಿಯಲ್ಲ, ಸರಿಯಾಗಿ ಮಿನುಗಲ್ಲ.

ಎಲೆಕ್ಟ್ರಾನಿಕ್ ಹಾಗಲ್ಲ, ಎಲ್‌ಇಡಿಗೆ ಅಂತಲೇ ಬರೋದು ತಗೊಂಡ್ರೆ ಬಲ್ಬ್ ಎಷ್ಟು ಕರೆಂಟ್ ಎಳೆದ್ರೂ ಮಿನುಗೋದು ಒಂದೇ ಸ್ಪೀಡು. ಇಂಥ ಸುಮಾರು ಫ್ಲಾಶರ್‌ಗಳಿಗೆ ಅರ್ತ್‌ಗೆ ಮೂರನೇ ವೈರ್ ಎಳೀಬೇಕು ಅಷ್ಟೇ. ಮೀಟರ್‌ನಲ್ಲಿ ಎರಡೂ ಕಡೆಗೆ ಒಂದೇ ಪೈಲಟ್ ಬಲ್ಬ್ (ಇಂಡಿಕೇಟರ್ ಆನ್ ಇದೆ ಅಂತ ತೋರ್ಸೋ ಪುಟ್ಟ ದೀಪ) ಇದ್ರೆ ಎಲ್‌ಇಡಿ ಹಾಕಿದ್ಮೇಲೆ ನಾಲ್ಕೂ ಒಟ್ಟಿಗೆ ಮಿನುಗಬಹುದು, ಆಗ ಕರೆಂಟ್‌ನ ಒಂದೇ ದಿಕ್ಕಿಗೆ ಬಿಡೋ ಡಯೋಡ್ ಎರಡು ಬೇಕು.

ಹಳೇ ಬಲ್ಬೇ ಇಟ್ಕೊಳೋರಿಗೆ ಥರ್ಮಲ್ ಸಾಕು, ನಾನಾದ್ರೆ ಎಲೆಕ್ಟ್ರಾನಿಕ್ಕೇ ಹಾಕ್ತೀನಿ. 6 ವೋಲ್ಟ್ ಬೈಕಾದ್ರೆ 6 ವೋಲ್ಟ್‌ದೇ ಕೇಳಿ ತಗೊಳ್ಳಿ.