ಶಾಲಾ ಆಡಳಿತ ಮಂಡಳಿಯ ಹೊಣೆಗಾರಿಕೆ ವಿಮೆ: ಆರು ವರ್ಷ ಬಳಸಿದ ಮೇಲೆ

ವಾಹನ ವಿಮೆಗೆ ಅಪಘಾತವಾದ ದಿನ ಮುಖ್ಯ. ಆಡಳಿತ ಮಂಡಳಿಯ ನಿರ್ಧಾರದ ಮೇಲೆ ಯಾರಾದರೂ ದಾವೆ ಹೂಡಿದರೆ ವಕೀಲರ ಫೀಸು, ಪರಿಹಾರದಂಥ ಖರ್ಚು ಹೊರುವ ಈ ವಿಮೆಗೆ ನೋಟಿಸು ಕೈ ಸೇರಿದ ದಿನ ಮುಖ್ಯ. ಹಾಸನದ ಖಾಸಗಿ ಶಾಲೆಯೊಂದರ ಟ್ರಸ್ಟಿನ ಹೆಸರಲ್ಲಿ ಆರು ವರ್ಷದಿಂದ ಈ ಪಾಲಿಸಿ ನಡೆಯುತ್ತಿದೆ. ಈ ಒಂದು ವ್ಯತ್ಯಾಸ ಗೊತ್ತಿಲ್ಲದೆ ಪ್ರೀಮಿಯಂ ಕಟ್ಟುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆಯೇ.

ನೋಟಿಸು ಬಂದ ದಿನವನ್ನೇ ಲೆಕ್ಕ ಹಿಡಿಯುವ ಈ ಪದ್ಧತಿಗೆ ಪಾಲಿಸಿ ಕಾಗದದಲ್ಲಿ ‘ಕ್ಲೇಮ್ಸ್ ಮೇಡ್’ ಅನ್ನುತ್ತಾರೆ. ಜೊತೆಗೆ ‘ರೆಟ್ರೋಆಕ್ಟಿವ್ ಡೇಟ್’ ಎಂದು ಒಂದು ದಿನಾಂಕ ಇರುತ್ತದೆ, ಅದಕ್ಕಿಂತ ಹಿಂದಿನ ನಿರ್ಧಾರಗಳಿಗೆ ರಕ್ಷಣೆ ಇಲ್ಲ. ಮಾರ್ಚ್‌ನಲ್ಲಿ ಒಬ್ಬ ಶಿಕ್ಷಕರನ್ನು ವಜಾ ಮಾಡಿದಿರಿ ಎಂದಿಟ್ಟುಕೊಳ್ಳಿ. ಕರ್ನಾಟಕ ಶಿಕ್ಷಣ ಕಾಯ್ದೆ 1983ರ 94ನೇ ಕಲಮಿನಂತೆ ಮೇಲ್ಮನವಿ ಹಾಕಲು ಅವರಿಗೆ ಮೂರು ತಿಂಗಳ ಅವಕಾಶ ಇದೆ. ನ್ಯಾಯಮಂಡಳಿಯ ನೋಟಿಸು ಬರುವಾಗ ಜುಲೈ. ಈ ಮಧ್ಯೆ ಏಪ್ರಿಲ್ 1ಕ್ಕೆ ಅಗ್ಗ ಅಂತ ಕಂಪನಿ ಬದಲಿಸಿದ್ದರೆ ಕಥೆ ಮುಗಿಯಿತು. ಹಳೆಯವರು ನೋಟಿಸು ನಮ್ಮ ಅವಧಿಯಲ್ಲಿ ಬಂದಿಲ್ಲ ಅನ್ನುತ್ತಾರೆ, ಹೊಸಬರು ವಜಾ ನಮ್ಮ ದಿನಾಂಕಕ್ಕಿಂತ ಹಿಂದಿನದು ಅನ್ನುತ್ತಾರೆ. ಎರಡೂ ವರ್ಷ ದುಡ್ಡು ಕಟ್ಟಿದ್ದರೂ ವಕೀಲರ ಫೀಸು ಟ್ರಸ್ಟಿನ ತಲೆಗೇ. ಕಂಪನಿ ಬದಲಿಸುವುದೇ ಆದರೆ ಹಳೆಯ ರೆಟ್ರೋ ದಿನಾಂಕವನ್ನೇ ಮುಂದುವರಿಸುತ್ತೇವೆ ಎಂದು ಹೊಸಬರಿಂದ ಮೊದಲು ಬರೆಸಿಕೊಳ್ಳಿ, ಆಮೇಲೆ ಚೆಕ್ಕು ಕೊಡಿ.

ನವೀಕರಣ ಒಂದು ವಾರ ತಡವಾದರೂ ಇದೇ ಗತಿ. ವಿಮಾ ಕಾಯ್ದೆಯ 64ವಿಬಿ ಕಲಮಿನಂತೆ ಪ್ರೀಮಿಯಂ ಸೇರದೆ ಕಂಪನಿ ಹೊಣೆ ಹೊರುವಂತಿಲ್ಲ. ಸರಪಳಿ ತುಂಡಾದರೆ ಹೊಸ ಪಾಲಿಸಿ ಅಂತಲೇ ಲೆಕ್ಕ, ರೆಟ್ರೋ ದಿನಾಂಕವೂ ಹೊಸದು. ಮಂಡಳಿಯಲ್ಲಿ ಸಕಲೇಶಪುರ, ಮೂಡಿಗೆರೆ ಕಡೆಯ ಪ್ಲಾಂಟರುಗಳು ಹೆಚ್ಚಿದ್ದರೆ ನವೀಕರಣ ಡಿಸೆಂಬರ್–ಜನವರಿಗೆ ಬೀಳದಂತೆ ನೋಡಿಕೊಳ್ಳಿ. ಅದು ಕಾಫಿ ಕೊಯ್ಲಿನ ಹೊತ್ತು. ಸಭೆಗೆ ಕೋರಂ ಆಗುವುದಿಲ್ಲ, ಚೆಕ್ಕಿಗೆ ಎರಡನೇ ಸಹಿ ಸಿಗುವುದಿಲ್ಲ. ಮಾರ್ಚ್‌ನ ಬಜೆಟ್ ಸಭೆಯಲ್ಲೇ ಠರಾವು ಆಗುವಂತೆ ಏಪ್ರಿಲ್ 1ಕ್ಕೆ ತಂದು ನಿಲ್ಲಿಸಿದರೆ ಈ ತಾಪತ್ರಯ ಇಲ್ಲ.

ಇಷ್ಟು ಬೈದ ಮೇಲೆ ಒಂದು ಮಾತು ಮನಸಾರೆ ಹೇಳಬೇಕು. ಇದೇ ಪಾಲಿಸಿಯ ಒಳಗೆ ಯಾರೂ ಓದದ ಒಂದು ಷರತ್ತಿದೆ, ಅದು ಬಹಳ ಒಳ್ಳೆಯದು. ಮುಂದೆ ದಾವೆ ಆಗಬಹುದಾದ ಸಂದರ್ಭವನ್ನು ಅವಧಿ ಮುಗಿಯುವ ಮೊದಲೇ ಬರೆದು ತಿಳಿಸಿದರೆ, ದಾವೆ ಮೂರು ವರ್ಷ ಬಿಟ್ಟು ಬಂದರೂ ಅದನ್ನು ತಿಳಿಸಿದ ವರ್ಷದ ಪಾಲಿಸಿಗೇ ಸೇರಿಸುತ್ತಾರೆ. ಮಾರ್ಚ್‌ನ ವಜಾ ಆದೇಶವನ್ನು ಮಾರ್ಚ್ 31ರೊಳಗೆ ತಿಳಿಸಿದ್ದರೆ ಜುಲೈನ ನೋಟಿಸಿಗೆ ಹಳೆಯ ಕಂಪನಿಯೇ ಹೊಣೆ.

ಈ ಷರತ್ತು ಕೆಲಸ ಮಾಡುವುದು ಕಚೇರಿಯ ಇನ್‌ವರ್ಡ್ ಪುಸ್ತಕದಿಂದ, ಅಂದರೆ ಬಂದ ಪತ್ರಗಳನ್ನು ನಮೂದಿಸುವ ಪುಸ್ತಕದಿಂದ. ಅದನ್ನು ಇಡುವ ಕ್ರಮ ಹೀಗೆ: ಟಪಾಲು ಬಂದ ಕೂಡಲೇ ಲಕೋಟೆ ಬಿಸಾಡದೆ ಪತ್ರದ ಹಿಂದೆ ಪಿನ್ ಮಾಡಬೇಕು, ಅಂಚೆ ಮುದ್ರೆಯ ತಾರೀಖೇ ನಾಳೆ ಸಾಕ್ಷಿ. ಕ್ರಮಸಂಖ್ಯೆ, ದಿನಾಂಕ, ಗಂಟೆ, ತೆಗೆದುಕೊಂಡವರ ಸಹಿ. ಕೊನೆಯಲ್ಲಿ ‘ವಿಮೆ’ ಎಂದು ಒಂದು ಕಾಲಂ ಹೆಚ್ಚಿಗೆ ಎಳೆದು, ವಕೀಲರ ನೋಟಿಸು, ಬಿಇಒ ಕಚೇರಿಯ ಕಾರಣ ಕೇಳುವ ಪತ್ರ, ಟಿಸಿ ಕೊಡಲಿಲ್ಲ ಎಂಬ ಪೋಷಕರ ದೂರು, ಸೀಟು ನಿರಾಕರಿಸಿದ ತಕರಾರು ಬಂದಾಗಲೆಲ್ಲ ಅಲ್ಲಿ ಕೆಂಪು ಶಾಯಿಯ ಗುರುತು. ಪೋಷಕರು ವಾಟ್ಸಾಪ್‌ನಲ್ಲಿ ಕಳಿಸಿದ್ದನ್ನೂ ಪ್ರಿಂಟ್ ತೆಗೆದು ನಮೂದಿಸಬೇಕು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಕೆಂಪು ಗುರುತುಗಳನ್ನೆಲ್ಲ ಸ್ಕ್ಯಾನ್ ಮಾಡಿ ಬ್ರೋಕರಿಗೂ ಕಂಪನಿಗೂ ಒಂದೇ ಇಮೇಲ್. ಹತ್ತು ನಿಮಿಷದ ಕೆಲಸ.

ಇಮೇಲ್‌ನಲ್ಲಿ ಏನು ನಡೆಯಿತು, ಯಾವ ದಿನ, ಯಾರ ನಿರ್ಧಾರ, ಯಾರು ದಾವೆ ಹೂಡಬಹುದು, ಏನು ಕೇಳಬಹುದು, ಮಂಡಳಿಗೆ ಯಾವಾಗ ತಿಳಿಯಿತು ಎಂಬ ಆರೂ ಇರಬೇಕು. ಶಿಕ್ಷಕರಲ್ಲಿ ಅಸಮಾಧಾನ ಇದೆ ಎಂದು ಮೊಗಮ್ಮಾಗಿ ಬರೆದರೆ ಒಪ್ಪುವುದಿಲ್ಲ. ನೋಟಿಸಿಗೆ ಉತ್ತರವನ್ನೂ ಅವಸರದಲ್ಲಿ ಕೊಡಬೇಡಿ. ತಪ್ಪಾಯಿತು ಎಂದು ಬರೆದುಕೊಟ್ಟರೆ, ಅಥವಾ ಕಂಪನಿಯ ಲಿಖಿತ ಒಪ್ಪಿಗೆಗೆ ಮೊದಲೇ ವಕಾಲತ್ತು ಹಾಕಿಸಿದರೆ, ಆ ಖರ್ಚು ಸಿಗುವುದಿಲ್ಲ. ಹಾಸನದ ವಕೀಲರೇ ಬೇಕೆಂದರೆ ಪಾಲಿಸಿ ಕೊಳ್ಳುವಾಗಲೇ ಅವರ ಹೆಸರಿಗೆ ಒಪ್ಪಿಗೆ ಪಡೆಯಿರಿ.

ಇನ್ನು ಇದರಿಂದ ಸಿಗದ್ದು. ಮಗು ಬಿದ್ದು ಕೈ ಮುರಿದರೆ ಇದಲ್ಲ, ಅದಕ್ಕೆ ಸಾರ್ವಜನಿಕ ಹೊಣೆಗಾರಿಕೆ ಪಾಲಿಸಿ ಮತ್ತು ಮಕ್ಕಳ ಅಪಘಾತ ವಿಮೆ ಬೇರೆ ಬೇಕು. ವ್ಯಾನಿನದು ವ್ಯಾನಿನ ವಿಮೆಗೆ. ಗ್ರಾಚುಟಿ ಬಾಕಿಯನ್ನೂ ಇದು ತುಂಬುವುದಿಲ್ಲ. ಖಾಸಗಿ ಶಾಲೆಯ ಶಿಕ್ಷಕರಿಗೂ ಗ್ರಾಚುಟಿ ಸಲ್ಲಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ, ಅದು ಟ್ರಸ್ಟಿನ ಸಾಲ. ಕೈಕೆಳಗಿನ ಸಿಬ್ಬಂದಿ ಮಗುವಿನ ಮೇಲೆ ನಡೆಸಿದ ಲೈಂಗಿಕ ದೌರ್ಜನ್ಯವನ್ನು ಪೊಲೀಸರಿಗೆ ತಿಳಿಸದೆ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಪೋಕ್ಸೊ ಕಾಯ್ದೆಯ 21ನೇ ಕಲಮಿನಂತೆ ಒಂದು ವರ್ಷದವರೆಗೆ ಜೈಲು ಮತ್ತು ದಂಡ. ಅದರಿಂದ ಪಾರು ಮಾಡುವ ವಿಮೆ ಇಲ್ಲ, ಇರಲೂಬಾರದು.

ಖರ್ಚಿನ ಲೆಕ್ಕದಲ್ಲಿ ಎರಡು ಮಾತು. ಪ್ರೀಮಿಯಂ 40,000 ಎಂದರೆ 18% ಜಿಎಸ್‌ಟಿ ಸೇರಿ 47,200. ಶಿಕ್ಷಣ ಸೇವೆಗೆ ತೆರಿಗೆ ಇಲ್ಲದ್ದರಿಂದ ಶಾಲೆಗೆ ಆ 7,200 ವಾಪಸು ಬರುವುದಿಲ್ಲ. ವಕೀಲರ ಫೀಸು ಸಾಮಾನ್ಯವಾಗಿ ಪಾಲಿಸಿಯ ಗರಿಷ್ಠ ಮೊತ್ತದ ಒಳಗಿಂದಲೇ ಹೋಗುತ್ತದೆ: 50 ಲಕ್ಷದ ಪಾಲಿಸಿಯಲ್ಲಿ 6 ಲಕ್ಷ ಫೀಸಿಗೆ ಹೋದರೆ ಆ ವರ್ಷಕ್ಕೆ ಉಳಿಯುವುದು 44 ಲಕ್ಷ. ನೂರೈವತ್ತು ಮಕ್ಕಳ ಹಳ್ಳಿ ಶಾಲೆಯಾದರೆ ಈ ದುಡ್ಡಿನಲ್ಲಿ ಮೊದಲು ಮಕ್ಕಳ ಅಪಘಾತ ವಿಮೆ ಮಾಡಿಸಿ. ಮೂವತ್ತು ನಲವತ್ತು ಸಿಬ್ಬಂದಿ ಇರುವ ಕಡೆ ಇದು ಬೇಕೇ ಬೇಕು.

ಐದಕ್ಕೆ ನಾಲ್ಕು ಅಂಕ. ಕಳೆದ ಒಂದು ಅಂಕ ನವೀಕರಣದ ನೆನಪೋಲೆಗೆ: ಮೊತ್ತ ಇದೆ, ಕೊನೆಯ ದಿನ ಇದೆ, ಏಜೆಂಟರ ಫೋನ್ ನಂಬರ್ ಇದೆ. ರೆಟ್ರೋ ದಿನಾಂಕ ಮಾತ್ರ ಎಲ್ಲೂ ಇಲ್ಲ.