ವಿಮಾನ ಹತ್ತುವ ಗಿಟಾರ್: ಯಾವುದನ್ನು ಕೊಳ್ಳಬೇಕು, ಹೇಗೆ ಕಟ್ಟಬೇಕು

‘ಟ್ರಾವೆಲ್ ಗಿಟಾರ್’ ಎಂದು ಚೀಟಿ ಅಂಟಿಸಿದ್ದೆಲ್ಲ ವಿಮಾನದೊಳಗೆ ಹಿಡಿಸುವುದಿಲ್ಲ. ಕೊಳ್ಳುವ ಮುನ್ನ ಎರಡು ಅಳತೆ ಕೇಳಿ. ಒಂದು, ಚೀಲದ ಸಮೇತ ವಾದ್ಯದ ಒಟ್ಟು ಉದ್ದ. ಇನ್ನೊಂದು ಸ್ಕೇಲ್ ಉದ್ದ, ಅಂದರೆ ಕುತ್ತಿಗೆಯ ತುದಿಯಲ್ಲಿ ತಂತಿ ಆನುವ ನಟ್‌ನಿಂದ ಒಡಲ ಮೇಲೆ ಆನುವ ಬ್ರಿಡ್ಜ್‌ವರೆಗೆ ತಂತಿ ಮಿಡಿಯುವ ಭಾಗ. ಮೊದಲನೆಯದು ವಿಮಾನದ ಲೆಕ್ಕ, ಎರಡನೆಯದು ನಿಮ್ಮ ಬೆರಳಿನ ಲೆಕ್ಕ. ಮೊದಲನೆಯದನ್ನು ಕುಗ್ಗಿಸಿಯೂ ಎರಡನೆಯದನ್ನು ಉಳಿಸಿಕೊಂಡ ವಾದ್ಯವೇ ಪ್ರಯಾಣಕ್ಕೆ ಸರಿ.

ನಮ್ಮ ದೇಶೀಯ ವಿಮಾನಗಳಲ್ಲಿ ಕ್ಯಾಬಿನ್ ಚೀಲಕ್ಕೆ ಸಾಮಾನ್ಯವಾಗಿ 7 ಕೆ.ಜಿ. ಮಿತಿ, ಉದ್ದ, ಅಗಲ, ದಪ್ಪ ಮೂರೂ ಕೂಡಿ 115 ಸೆಂ.ಮೀ. ದಾಟುವಂತಿಲ್ಲ. ಗಿಟಾರ್ ತೂಕದಲ್ಲಿ ಎಂದೂ ಸಿಕ್ಕಿಬೀಳುವುದಿಲ್ಲ, ಉದ್ದದಲ್ಲಿ ಸಿಕ್ಕಿಬೀಳುತ್ತದೆ.

ನಾದದ ಮಟ್ಟಿಗೆ ಟೇಲರ್ ಜಿಎಸ್ ಮಿನಿಯೇ ಮುಂದೆ. ಸ್ಕೇಲ್ 23.5 ಇಂಚು, ಮಂದ್ರ ತಂತಿಗಳ ತುಂಬುದನಿ ಇಷ್ಟು ಚಿಕ್ಕ ಒಡಲಿನಿಂದ ಬರುತ್ತದೆಂದು ನಂಬುವುದೇ ಕಷ್ಟ. ಆದರೆ ಅದರ ಉದ್ದ ಸುಮಾರು 93 ಸೆಂ.ಮೀ. ಮೂರೂ ಅಳತೆ ಕೂಡಿದರೆ ಚೀಲವಿಲ್ಲದೆಯೇ 140 ದಾಟುತ್ತದೆ. ಏರ್‌ಬಸ್ 320ರಂಥ ವಿಮಾನದ ತಲೆಯ ಮೇಲಿನ ಖಾನೆಯಲ್ಲಿ ಮಲಗಿಸಬಹುದು, ಆದರೆ ಗೇಟಿನಲ್ಲಿರುವವರು ಒಪ್ಪಿದರೆ ಮಾತ್ರ. ಮೈಸೂರಿಗೆ ಹಾರುವಂಥ ಎಟಿಆರ್-72ರ ಖಾನೆಗಳು ಚಿಕ್ಕವು, ಅಲ್ಲಿ ಇದನ್ನು ನೆಚ್ಚಬೇಡಿ. ಬೇಬಿ ಟೇಲರ್ ಇದಕ್ಕಿಂತ ಗಿಡ್ಡ, ಆದರೂ 115ರೊಳಗೆ ಬರುವುದಿಲ್ಲ. ನಾದವೂ ಅಷ್ಟಕ್ಕಷ್ಟೆ.

ಯಮಹಾ ಗಿಟಲೇಲೆ ಜಿಎಲ್1 ಎಲ್ಲಕ್ಕಿಂತ ಅಗ್ಗ. ಉದ್ದ ಸುಮಾರು 70 ಸೆಂ.ಮೀ., ಸ್ಕೇಲ್ 433 ಮಿ.ಮೀ., ಆರು ನೈಲಾನ್ ತಂತಿ. ಕೊಳ್ಳುವವರು ಎಡವುವುದು ಶ್ರುತಿಯಲ್ಲಿ. ಇದು ಮಾಮೂಲಿ ಗಿಟಾರಿಗಿಂತ ಐದು ಫ್ರೆಟ್ (ಕುತ್ತಿಗೆಯ ಮೇಲಿನ ಅಡ್ಡಪಟ್ಟಿ, ಒಂದಕ್ಕೆ ಅರ್ಧ ಸ್ವರ) ಮೇಲೆ ನಿಲ್ಲುತ್ತದೆ: ಎ, ಡಿ, ಜಿ, ಸಿ, ಇ, ಎ. ನೀವು ಸಿ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗುಚ್ಛ) ಹಿಡಿದರೆ ಕೇಳಿಸುವುದು ಎಫ್. ಹಾಡಿನ ಜೊತೆ ನುಡಿಸುವವರು ಮನೆಯಲ್ಲೇ ಲೆಕ್ಕ ಹಾಕಿಕೊಂಡು ಹೊರಡಬೇಕು. ಅದೇ ತಂತಿಯನ್ನು ಮಾಮೂಲಿ ಶ್ರುತಿಗೆ ಇಳಿಸಿದರೆ ಜೋಲು ಬಿದ್ದು ಗೊರಗುಟ್ಟುತ್ತದೆ.

ಮಾರ್ಟಿನ್ ಬ್ಯಾಕ್‌ಪ್ಯಾಕರ್ 1994ರಲ್ಲಿ ಕೊಲಂಬಿಯಾ ನೌಕೆಯಲ್ಲಿ ಬಾಹ್ಯಾಕಾಶಕ್ಕೇ ಹೋಗಿಬಂದ ವಾದ್ಯ. ತೂಕ ಒಂದು ಕೆ.ಜಿ. ಆಸುಪಾಸು. ನೆಲದ ಮೇಲೆ ಮಾತ್ರ ಅದರ ಕುತ್ತಿಗೆ ಭಾರವಾಗಿ ಕೆಳಗೆ ವಾಲುತ್ತದೆ, ಪಟ್ಟಿ ಇಲ್ಲದೆ ತೊಡೆಯ ಮೇಲೆ ನಿಲ್ಲದು. ದನಿಯೂ ತೆಳು.

ಆಗಾಗ ಹಾರುವವರಿಗೆ ಹೇಳಬೇಕಾದದ್ದು ಟ್ರಾವೆಲರ್ ಗಿಟಾರ್ ಕಂಪನಿಯ ಅಲ್ಟ್ರಾ-ಲೈಟ್. ಉದ್ದ 28 ಇಂಚು, ಅಂದರೆ 71 ಸೆಂ.ಮೀ. ಹಾಗಿದ್ದೂ ಸ್ಕೇಲ್ ಪೂರ್ತಿ 24.75 ಇಂಚು. ಇದಕ್ಕೆ ಹೆಡ್‌ಸ್ಟಾಕೇ, ಅಂದರೆ ಬಿರಡೆಗಳನ್ನು ಹೊರುವ ತಲೆಯ ಭಾಗವೇ ಇಲ್ಲ. ಕುತ್ತಿಗೆ ನಟ್ ದಾಟಿದ ಕೂಡಲೇ ಮುಗಿಯುತ್ತದೆ. ಬಿರಡೆಗಳೆಲ್ಲ ಒಡಲಿನಲ್ಲಿ ಕೊರೆದ ಪೊಳ್ಳಿನೊಳಗಿವೆ. ತೊಡೆಗೆ ಆನಿಸುವ ಕಮಾನನ್ನು ಕಳಚಿ ಚೀಲಕ್ಕೆ ಸೇರಿಸಬಹುದು. ಸ್ಕೇಲ್ ಮಾಮೂಲಿ ಗಿಟಾರಿನಷ್ಟೇ ಇರುವುದರಿಂದ ಬೆರಳುಗಳಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಕೊರತೆ ಒಂದು, ಒಡಲು ಗಟ್ಟಿ ಮರ. ಆಂಪ್ಲಿಫೈಯರ್ ಅಥವಾ ಹೆಡ್‌ಫೋನ್ ಆಂಪ್ ಇಲ್ಲದಿದ್ದರೆ ದನಿ ಕೋಣೆ ತುಂಬದು. ಹೋಟೆಲಿನಲ್ಲಿ ರಾತ್ರಿ ಅಭ್ಯಾಸ ಮಾಡುವವರಿಗೆ ಅದೇ ವರ. ಕೂತು ಕೇಳುವವರಿಗೆ ನುಡಿಸುವುದಾದರೆ ಕುತ್ತಿಗೆ ಕಳಚುವ ಜರ್ನಿ ಓವರ್‌ಹೆಡ್ ನೋಡಿ. ತಂತಿ ಬಿಚ್ಚದೆ ಕುತ್ತಿಗೆ ಬೇರೆಯಾಗಿ, ಟೊಳ್ಳು ಒಡಲಿನ ನಿಜವಾದ ಗಿಟಾರ್ ಬೆನ್ನಿನ ಚೀಲದಷ್ಟಾಗುತ್ತದೆ. ಬೆಲೆ ಹೆಚ್ಚು. ಸೇರಿಸುವಾಗ ಕೀಲಿನಲ್ಲಿ ಧೂಳು, ನೂಲಿನ ಎಳೆ ಸಿಕ್ಕದಂತೆ ಒರೆಸಲೇಬೇಕು.

ಸರಕಿಗೆ ಹಾಕಲೇಬೇಕಾಗಿ ಬಂದರೆ ಮೆತ್ತನೆಯ ಚೀಲ ಬೇಡವೇ ಬೇಡ, ಗಟ್ಟಿ ಪೆಟ್ಟಿಗೆಯೇ ಆಗಬೇಕು. ಮುರಿಯುವುದು ಹೇಗೆಂದು ಗೊತ್ತಿದ್ದರೆ ಕಟ್ಟುವುದು ಹೇಗೆಂದು ತಾನಾಗಿ ತಿಳಿಯುತ್ತದೆ. ಪೆಟ್ಟಿಗೆ ಬೆನ್ನಡಿಯಾಗಿ ಬಿದ್ದಾಗ ಒಡಲು ಥಟ್ಟನೆ ನಿಲ್ಲುತ್ತದೆ. ಆರು ಬಿರಡೆಗಳ ಭಾರ ಹೊತ್ತ ಹೆಡ್‌ಸ್ಟಾಕ್ ನಿಲ್ಲದೆ ಚಾಟಿಯಂತೆ ಹಿಂದಕ್ಕೆ ಬೀಸುತ್ತದೆ. ನಟ್‌ನ ಹಿಂದೆ ಕುತ್ತಿಗೆ ತೆಳು, ಎಷ್ಟೋ ಗಿಟಾರುಗಳಲ್ಲಿ ಅಲ್ಲೇ ಟ್ರಸ್ ರಾಡಿಗೆಂದು, ಅಂದರೆ ಕುತ್ತಿಗೆಯೊಳಗಿನ ಲೋಹದ ಸರಳಿಗೆಂದು ಮರ ಕೊರೆದಿರುತ್ತಾರೆ. ಬಿರುಕು ಬಿಡುವುದು ಅಲ್ಲಿಯೇ. ಪೆಟ್ಟಿಗೆಯ ಮೇಲೆ ಒಂದು ಗೀರೂ ಕಾಣದಿರಬಹುದು.

ಆದ್ದರಿಂದ ಹತ್ತಿಯ ಟವೆಲನ್ನು ಮಡಿಸಿ ಹೆಡ್‌ಸ್ಟಾಕಿನ ಕೆಳಗೆ, ಎರಡೂ ಪಕ್ಕಕ್ಕೆ, ತುದಿಗೆ ತುಂಬಿ. ಅಲುಗಬಾರದು, ಹಾಗೆಂದು ಬಿರಡೆಗಳ ಮೇಲೆ ಒತ್ತಲೂಬಾರದು. ಮುಚ್ಚಳ ಮುಚ್ಚಿದಾಗ ಮೇಲಿನಿಂದಲೂ ಬಟ್ಟೆ ಹಗುರವಾಗಿ ಹಿಡಿದಿರಬೇಕು. ಕುತ್ತಿಗೆಯ ನಡುವೆ ಇನ್ನೊಂದು ಆಸರೆ. ಒಡಲಿನ ಬಾಲದಲ್ಲಿ ಹೆಗಲಪಟ್ಟಿ ಸಿಕ್ಕಿಸುವ ಗುಂಡಿ ತಿರುಪಿನದಾದರೆ ಬಿಚ್ಚಿಡಿ. ಪೆಟ್ಟಿಗೆ ನೆಟ್ಟಗೆ ಬಿದ್ದರೆ ಆ ಗುಂಡಿ ಒಡಲಿನೊಳಗಿನ ಮರದ ತುಂಡನ್ನು ಮೊಳೆಯ ಹಾಗೆ ಸೀಳಬಲ್ಲದು. ಎಲ್ಲ ಮುಗಿದ ಮೇಲೆ ಪೆಟ್ಟಿಗೆ ಎತ್ತಿ ಮೆಲ್ಲಗೆ ಅಲ್ಲಾಡಿಸಿ. ಏನಾದರೂ ಸದ್ದಾದರೆ ಮತ್ತೆ ತೆರೆಯಿರಿ.

ತಂತಿಯನ್ನು ಪೂರ್ತಿ ಸಡಿಲಿಸಬೇಕಿಲ್ಲ. 12ರ ಸೆಟ್ಟಿನ (ಅತಿ ತೆಳು ತಂತಿ 0.012 ಇಂಚು ದಪ್ಪ) ಆರು ಉಕ್ಕಿನ ತಂತಿಗಳು ಕೂಡಿ 70 ಕೆ.ಜಿ.ಗೂ ಹೆಚ್ಚು ಎಳೆಯುತ್ತವೆ. ಟ್ರಸ್ ರಾಡ್ ಆ ಎಳೆತಕ್ಕೆ ಎದುರು ನಿಂತಿರುತ್ತದೆ. ಎರಡರಿಂದ ನಾಲ್ಕು ಫ್ರೆಟ್‌ನಷ್ಟು ಶ್ರುತಿ ಇಳಿಸಿದರೆ ಪೆಟ್ಟು ಬಿದ್ದಾಗ ಕುತ್ತಿಗೆಯ ಮೇಲಿನ ಭಾರವೂ ಇಳಿಯುತ್ತದೆ, ಕುತ್ತಿಗೆ ಹಿಂದಕ್ಕೆ ಬಾಗುವುದೂ ಇಲ್ಲ.

ತಂತಿ ಕತ್ತರಿಸುವ ಇಕ್ಕಳ, ಸ್ಕ್ರೂಡ್ರೈವರ್, ಅಲೆನ್ ಕೀಲಿ ಸರಕಿನ ಚೀಲಕ್ಕೆ. ಪವರ್ ಬ್ಯಾಂಕ್, ಬಿಡಿ ಲಿಥಿಯಂ ಬ್ಯಾಟರಿ ಕೈಚೀಲಕ್ಕೆ. ಇದನ್ನು ಅದಲುಬದಲು ಮಾಡಿದರೆ ತಪಾಸಣೆಯಲ್ಲೇ ನಿಲ್ಲುತ್ತೀರಿ.

ಅಮೆರಿಕದ ವಿಮಾನ ಕಂಪನಿಗಳಲ್ಲಿ ಹಾರುವವರಿಗೆ 2015ರ ಮಾರ್ಚ್‌ನಿಂದ ಜಾರಿಯಲ್ಲಿರುವ ನಿಯಮವೊಂದು ಆಸರೆಯಾಗಿದೆ. ಹತ್ತುವ ಹೊತ್ತಿಗೆ ಖಾನೆಯಲ್ಲಿ ಜಾಗವಿದ್ದು, ಗಿಟಾರ್ ಅದರಲ್ಲಿ ಸುರಕ್ಷಿತವಾಗಿ ಹಿಡಿಸುವುದಾದರೆ ಒಳಗೆ ಬಿಡಲೇಬೇಕು, ಮಾಮೂಲಿ ಕೈಚೀಲದ ಶುಲ್ಕಕ್ಕಿಂತ ಹೆಚ್ಚು ಕೇಳುವಂತಿಲ್ಲ. ಜಾಗ ತುಂಬಿಹೋದರೆ ಈ ನಿಯಮ ಕೈಹಿಡಿಯದು, ಹಾಗಾಗಿ ಮೊದಲ ಗುಂಪಿನಲ್ಲೇ ಹತ್ತಿ. ಗಡಿ ದಾಟುವಾಗ ಗಿಟಾರಿನ ಮರಕ್ಕೆ ಕಾಗದಪತ್ರ ಕೇಳುವ ಭಯವೂ ಈಗ ಕಡಿಮೆ. ನಮ್ಮ ಪಶ್ಚಿಮ ಘಟ್ಟದ ಬೀಟೆ ಮರ (ಭಾರತೀಯ ರೋಸ್‌ವುಡ್) ಎಷ್ಟೋ ಗಿಟಾರುಗಳ ಬೆನ್ನಿಗೆ, ಪಕ್ಕಕ್ಕೆ ಹೋಗುತ್ತದೆ. 2017ರಲ್ಲಿ ಸೈಟಿಸ್, ಅಂದರೆ ಅಪಾಯದಲ್ಲಿರುವ ಗಿಡ-ಪ್ರಾಣಿಗಳ ವ್ಯಾಪಾರವನ್ನು ಹತೋಟಿಯಲ್ಲಿಡುವ ಅಂತರರಾಷ್ಟ್ರೀಯ ಒಪ್ಪಂದ, ಆ ಮರದ ಸಾಗಣೆಯನ್ನು ಬಿಗಿ ಮಾಡಿತ್ತು. 2019ರ ನವೆಂಬರ್‌ನಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದೆ. ಬ್ರೆಜಿಲ್‌ನ ರೋಸ್‌ವುಡ್‌ಗೆ ಆ ವಿನಾಯಿತಿ ಇಲ್ಲ. ಅದಿರುವ ಹಳೆಯ ಗಿಟಾರನ್ನು ಕಾಗದಪತ್ರವಿಲ್ಲದೆ ಗಡಿ ದಾಟಿಸಬೇಡಿ.

ಇಳಿದ ಕೂಡಲೇ ಪೆಟ್ಟಿಗೆ ತೆರೆಯಬೇಡಿ. ತಣ್ಣನೆಯ ಮರಕ್ಕೆ ಮಂಗಳೂರಿನ ಸೆಖೆ ಒಮ್ಮೆಗೇ ತಾಕಿದರೆ ಮೈಮೇಲೆ ನೀರಪಸೆ ಕೂರುತ್ತದೆ. ಹಠಾತ್ತನೆ ಬಿಸಿಯಾದರೆ ವಾರ್ನಿಷ್‌ನಲ್ಲಿ ಕೂದಲೆಳೆಯ ಸೀಳುಗಳೂ ಮೂಡಬಹುದು. ಒಂದೆರಡು ಗಂಟೆ ಬಿಟ್ಟು ತೆರೆದು, ಮೊದಲು ನಟ್‌ನ ಹಿಂಭಾಗವನ್ನು ಉಗುರಿನಿಂದ ಸವರಿ ನೋಡಿ. ನುಣುಪಾಗಿದ್ದರೆ ಶ್ರುತಿ ಏರಿಸಿ, ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ಸರಿಪಡಿಸಿ.